ಮೂರೆಕರೆಗೆ ಯಾವ ಕಳೆ ಮೆಷಿನ್ ಕೊಳ್ಳಲಿ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಒಟ್ಟು ಮೂರು ಎಕರೆ. ಒಂದೂವರೆ ಎಕರೆ ಹಳೆ ಅಡಿಕೆ ತೋಟ, ಮರಗಳಿಗೆ ಕಾಳುಮೆಣಸು ಹಬ್ಬಿದೆ. ಅರ್ಧ ಎಕರೆಯಲ್ಲಿ ಎರಡು ವರ್ಷದ ಅಡಿಕೆ ಸಸಿ. ಉಳಿದ ಒಂದು ಎಕರೆ ಇಳಿಜಾರಿನ ಬ್ಯಾಣ, ಅಂದರೆ ಹುಲ್ಲುಗಾವಲು. ಎರಡು ದನಗಳಿಗೆ ಹುಲ್ಲು ಅಲ್ಲಿಂದಲೇ. ಕಳೆ ಹೊಡೆಯುವವರು ಮೆಷಿನ್ ಸಮೇತ ದಿನಕ್ಕೆ 1,400 ರೂಪಾಯಿ ಕೇಳುತ್ತಾರೆ, ಅದೂ ಬೇಕೆಂದಾಗ ಬರುವುದಿಲ್ಲ. ಮಗ ಆನ್‌ಲೈನ್‌ನಲ್ಲಿ 9,000 ರೂಪಾಯಿಯ ‘ನಾಲ್ಕು ಕೆಲಸದ’ ಮೆಷಿನ್ ತೋರಿಸುತ್ತಾನೆ. ಅಂಗಡಿಯವರು 52 ಸಿಸಿಯ ಬೆನ್ನಿಗೆ ಹಾಕುವ ಮೆಷಿನ್ ತಗೊಳ್ಳಿ ಎನ್ನುತ್ತಾರೆ. ಪಕ್ಕದ ಮನೆಯವರು ಪವರ್ ವೀಡರ್ ಒಳ್ಳೆಯದು ಎನ್ನುತ್ತಾರೆ. ನನಗೆ 53 ವರ್ಷ, ಭುಜ ಸ್ವಲ್ಪ ನೋವಿದೆ. 25 ಸಾವಿರದ ಒಳಗೆ ಏನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಕೊನೆಗೆ ಬರೆದ ಮಾತು. 53 ವರ್ಷ, ಭುಜ ನೋವು. ಅಂಗಡಿಯವರು ಸಿಸಿ ಹೇಳಿದರು, ಮಗ ರೇಟು ಹೇಳಿದ, ಪಕ್ಕದ ಮನೆಯವರು ತಮಗೆ ಹಿಡಿಸಿದ್ದು ಹೇಳಿದರು. ಮೆಷಿನ್ ಹಿಡಿಯುವ ಭುಜದ ಮಾತು ಯಾರೂ ಎತ್ತಲಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ತುಂಬಾ ಮನೆಗಳಲ್ಲಿ ನೋಡಿದ್ದೇನೆ. ದೊಡ್ಡ ಮೆಷಿನ್ ಕೊಟ್ಟಿಗೆಯ ಮೂಲೆಯಲ್ಲಿ ನೇತಾಡುತ್ತಿರುತ್ತದೆ. ಕೆಟ್ಟಿರುವುದಿಲ್ಲ. ಹಿಡಿದರೆ ಮಾರನೇ ದಿನ ಕೈ ಎತ್ತಲು ಆಗುವುದಿಲ್ಲ ಅಂತ ಯಾರೂ ಮುಟ್ಟುವುದಿಲ್ಲ, ಅಷ್ಟೇ.

ಮೊದಲು ಪವರ್ ವೀಡರ್ ವಿಷಯ ಮುಗಿಸಿಬಿಡುತ್ತೇನೆ. ಅದು ಕಳೆ ಕೊಯ್ಯುವುದಿಲ್ಲ, ಮಣ್ಣು ಕೆದಕುತ್ತದೆ. ಬಯಲುಸೀಮೆಯ ಸಮತಟ್ಟು ಹೊಲಕ್ಕೆ, ತರಕಾರಿ ಸಾಲಿಗೆ ಅದು ಒಳ್ಳೆಯದೇ. ನಿಮ್ಮ ತೋಟಕ್ಕೆ ಬೇಡ. ಅಡಿಕೆಯ ಆಹಾರ ಹೀರುವ ಬೇರುಗಳು ಹೆಚ್ಚಿನವು ಮೇಲ್ಮಣ್ಣಿನಲ್ಲೇ ಇವೆ. ಕಾಳುಮೆಣಸಿನ ಬೇರು ಇನ್ನೂ ಮೇಲೆ. ವೀಡರ್‌ನ ಹಲ್ಲು ಅವನ್ನೆಲ್ಲ ಹರಿಯುತ್ತದೆ. ಅದರ ಮೇಲೆ ಸಾಗರದ ಮಳೆ. ಜೂನ್‌ನಲ್ಲಿ ಸಡಿಲ ಮಾಡಿದ ಮಣ್ಣು ಜುಲೈ ಮುಗಿಯುವಷ್ಟರಲ್ಲಿ ಬಸಿಗಾಲುವೆಯಲ್ಲಿ ಹೂಳಾಗಿ ಕೂತಿರುತ್ತದೆ. ಮಲೆನಾಡಿನ ತೋಟದಲ್ಲಿ ಕಳೆ ಬೇರು ಸಮೇತ ಹೋಗಬೇಕಿಲ್ಲ. ಮೇಲಿನ ಸೊಪ್ಪು ಕೊಯ್ದು ಅಲ್ಲೇ ಬೀಳಬೇಕು. ಬೇರು ಮಣ್ಣನ್ನು ಹಿಡಿದುಕೊಂಡಿರಬೇಕು.

ಹುಲ್ಲುಹಾಸಿನ ಮೇಲೆ ತಳ್ಳಿಕೊಂಡು ಹೋಗುವ ಲಾನ್ ಮೋವರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾಲುವೆ, ಬಿದ್ದ ಸೋಗೆ, ಕಲ್ಲು ಇವುಗಳ ನಡುವೆ ಹತ್ತು ಅಡಿ ಹೋಗುವಷ್ಟರಲ್ಲಿ ಸಿಕ್ಕಿಕೊಳ್ಳುತ್ತದೆ. ಮಿನಿ ಟ್ರ್ಯಾಕ್ಟರಿನ ಹಿಂದೆ ಹಾಕುವ ಸ್ಲ್ಯಾಷರ್ ಒಂದು ಎಕರೆ ಇಳಿಜಾರಿಗೆ ಅತಿಯಾಯಿತು. ಬ್ಯಾಟರಿ ಮೆಷಿನ್ ಮನೆಯಂಗಳಕ್ಕೆ ಚೆಂದ, ಸದ್ದಿಲ್ಲ, ಹೊಗೆಯಿಲ್ಲ. ಆದರೆ ಮಳೆಗಾಲದ ದಪ್ಪ ಹುಲ್ಲಿನಲ್ಲಿ ಒಂದು ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಎರಡು ಮೂರು ಬ್ಯಾಟರಿ ಕೊಳ್ಳಬೇಕು ಅಂದರೆ ನಿಮ್ಮ ಬಜೆಟ್ ಅಲ್ಲಿಗೇ ಮುಗಿಯಿತು. ಕರೆಂಟು ಕೈಕೊಟ್ಟ ದಿನ ಚಾರ್ಜ್ ಮಾಡುವುದು ಎಲ್ಲಿ? ಹಾಗಾಗಿ ನಿಮಗೆ ಬೇಕಾದದ್ದು ಪೆಟ್ರೋಲ್ ಬ್ರಷ್ ಕಟರ್, ಅಂದರೆ ಉದ್ದ ಕೋಲಿನ ತುದಿಯಲ್ಲಿ ಬ್ಲೇಡು ಅಥವಾ ನೈಲಾನ್ ದಾರ ತಿರುಗಿ ಕಳೆ ಕೊಯ್ಯುವ ಮೆಷಿನ್. ಅದರಲ್ಲಿ ಯಾವುದು ಅನ್ನುವುದೇ ಪ್ರಶ್ನೆ.

ಕೊಳ್ಳುವುದಕ್ಕೆ ಮುಂಚೆ ಒಂದು ಲೆಕ್ಕ ಹಾಕೋಣ. ಮೆಷಿನ್ ಕೊಂಡರೆ ತುಂಬಾ ದುಡ್ಡು ಉಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಮ್ಮ ಎರಡು ಎಕರೆ ತೋಟಕ್ಕೆ ವರ್ಷಕ್ಕೆ ಎರಡು ಸಲ, ಬ್ಯಾಣಕ್ಕೆ ಒಂದು ಸಲ ಅಂತ ಇಟ್ಟುಕೊಳ್ಳಿ. ಪಳಗಿದ ಆಳು ಇದನ್ನೆಲ್ಲ ಸುಮಾರು 8 ದಿನದಲ್ಲಿ ಮುಗಿಸುತ್ತಾನೆ. 1,400ರಂತೆ 11,200 ರೂಪಾಯಿ. ನೀವೇ ಮಾಡಿದರೆ ದಿನಕ್ಕೆ ನಾಲ್ಕು ಗಂಟೆ, 11 ದಿನ ಬೇಕು ಅಂದುಕೊಳ್ಳೋಣ. 44 ಗಂಟೆ. 35 ಸಿಸಿ ಮೆಷಿನ್ ಗಂಟೆಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ ಕುಡಿದರೆ 31 ಲೀಟರ್ ಪೆಟ್ರೋಲ್, ಸುಮಾರು 3,200 ರೂಪಾಯಿ. ಬ್ಲೇಡು, ದಾರ, ಆಯಿಲ್, ಗ್ರೀಸ್, ಸಣ್ಣ ರಿಪೇರಿಗೆ 2,000. ಒಟ್ಟು 5,200. ಅಂದರೆ ವರ್ಷಕ್ಕೆ ಉಳಿಯುವುದು ಆರು ಸಾವಿರ. 25 ಸಾವಿರದ ಮೆಷಿನ್ ತನ್ನ ದುಡ್ಡು ವಾಪಸ್ ಕೊಡಲು ನಾಲ್ಕು ವರ್ಷ ದಾಟುತ್ತದೆ. ನಿಮ್ಮ ಬೆವರಿಗೆ ಇದರಲ್ಲಿ ಕೂಲಿ ಹಾಕಿಲ್ಲ.

ಹಾಗಾದರೆ ಯಾಕೆ ಕೊಳ್ಳಬೇಕು? ಬೇಕಾದ ದಿನ ಕೆಲಸ ಆಗಬೇಕಲ್ಲ, ಅದಕ್ಕೆ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಮುಂಚೆ ತೋಟದಲ್ಲಿ ಓಡಾಡುವಂತಿರಬೇಕು. ಉದುರಿದ ಅಡಿಕೆ ಹೆಕ್ಕುವ ಹೊತ್ತಿಗೆ ನೆಲ ಕಾಣಬೇಕು. ಕಳೆ ಹೂಬಿಟ್ಟು ಬೀಜ ಉದುರಿಸುವ ಮೊದಲೇ ತಲೆ ಹೋಗಬೇಕು. ಹದಿನೈದು ದಿನ ತಡವಾದರೆ ಮುಂದಿನ ವರ್ಷದ ಕಳೆಗೆ ನೀವೇ ಬೀಜ ಬಿತ್ತಿದ ಹಾಗೆ. ಆಳು ಸಿಗದೆ ಕಾಯುವ ಆ ಹದಿನೈದು ದಿನಕ್ಕಾಗಿ ಮೆಷಿನ್ ಕೊಳ್ಳಿ. ಈ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ನಾಲ್ಕು ವರ್ಷ ಬಾಳದ ಮೆಷಿನ್ ಎಷ್ಟೇ ಅಗ್ಗವಾದರೂ ನಿಮಗೆ ನಷ್ಟ.

ಮಗ ತೋರಿಸಿದ ಮೆಷಿನ್ ಬಗ್ಗೆ. ಅವನ ಕಾಳಜಿ ಒಳ್ಳೆಯದು. ಆದರೆ ಒಂದೇ ಎಂಜಿನ್ನಿಗೆ ಕಳೆ ಕಟರ್, ಉದ್ದ ಕೋಲಿನ ಗರಗಸ, ಬೇಲಿ ಕತ್ತರಿ, ಮಣ್ಣು ಕೆದಕುವ ಹಲ್ಲು ಎಲ್ಲ ಸಿಕ್ಕಿಸಬೇಕು ಅಂದರೆ ಕೋಲಿನ ನಡುವೆ ಒಂದು ಕೀಲು ಬೇಕೇ ಬೇಕು. ಆ ಕೀಲು ಅಲುಗಾಡಲು ಶುರುವಾದರೆ ಇಡೀ ಮೆಷಿನ್ ನಡುಗುತ್ತದೆ. ಮಣ್ಣು ಕೆದಕುವ ಹಲ್ಲು ಹಾಕಿದರೆ ಸಣ್ಣ ಗೇರ್ ಬಾಕ್ಸ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ನಾಲ್ಕು ಕೆಲಸದಲ್ಲಿ ನೀವು ಮಾಡುವುದು ಒಂದೇ. ಇನ್ನು ಸ್ಪೇರ್ ಪಾರ್ಟ್. ನಾನೂ ಹಿಂದೆ ಒಮ್ಮೆ ಹೆಸರು ಕೇಳಿರದ ಒಂದು ಮೆಷಿನ್ ಕಡಿಮೆ ರೇಟಿಗೆ ತರಿಸಿದ್ದೆ. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಎರಡನೇ ಮಳೆಗಾಲದಲ್ಲಿ ಕ್ಲಚ್ಚಿನ ಡ್ರಮ್ ಹೋಯಿತು. ಒಂದು ಸಣ್ಣ ಬಟ್ಟಲಿನಷ್ಟು ದೊಡ್ಡ ತುಂಡು. ಅದಕ್ಕಾಗಿ ಆರು ವಾರ ಕಾದೆ. ಬಂದ ಡ್ರಮ್ ಅಳತೆಗೆ ಕೂರಲಿಲ್ಲ. ಅಷ್ಟರಲ್ಲಿ ಕಳೆ ಸೊಂಟದವರೆಗೆ ಬಂದಿತ್ತು. ಅಂದಿನಿಂದ ಯಾರೇ ಕೇಳಿದರೂ ಮೊದಲು ಹೇಳುವುದು ಇದನ್ನೇ. ಮೆಷಿನ್ ಆರಿಸುವ ಮೊದಲು ರಿಪೇರಿ ಅಂಗಡಿ ಆರಿಸಿ. ಸಾಗರದಲ್ಲಿ ಅಥವಾ ನಿಮಗೆ ಹತ್ತಿರದ ಪೇಟೆಯಲ್ಲಿ ಬ್ರಷ್ ಕಟರ್ ಬಿಚ್ಚುವ ಮೆಕ್ಯಾನಿಕ್ ಯಾರು ಅಂತ ವಿಚಾರಿಸಿ. ಅವರ ಹತ್ತಿರ ಹೋಗಿ, ‘ಯಾವ ಮೆಷಿನ್ನಿನ ಕಾರ್ಬುರೇಟರ್, ಕ್ಲಚ್, ಸ್ಟಾರ್ಟರ್ ಹಗ್ಗದ ಸೆಟ್ ನಿಮ್ಮಲ್ಲಿ ಈಗಲೇ ಇದೆ?’ ಅಂತ ಕೇಳಿ. ‘ತರಿಸಿಕೊಡ್ತೀವಿ’ ಅಂದರೆ ಆ ಹೆಸರು ಪಟ್ಟಿಯಿಂದ ತೆಗೆಯಿರಿ. ಡಬ್ಬದಿಂದ ತೆಗೆದು ತೋರಿಸಿದರೆ ಇಟ್ಟುಕೊಳ್ಳಿ.

ಈಗ 52 ಸಿಸಿ. ಸಿಸಿ ಜಾಸ್ತಿಯಾದರೆ ಬಲ ಜಾಸ್ತಿ, ನಿಜ. ಜತೆಗೆ ತೂಕ, ಕಂಪನ, ಪೆಟ್ರೋಲ್ ಎಲ್ಲವೂ ಜಾಸ್ತಿ. ನಿಮ್ಮ ತೋಟದಲ್ಲಿ ಇರುವುದು ಹುಲ್ಲು, ನಾಚಿಕೆಮುಳ್ಳು, ಎಳೆಯ ಯುಪಟೋರಿಯಂ. ಬ್ಯಾಣದಲ್ಲಿ ಕರಡದ ಹುಲ್ಲು, ಅಲ್ಲಲ್ಲಿ ಲಂಟಾನ ಪೊದೆ. ಇದಕ್ಕೆ 35 ಸಿಸಿ ಸಾಕು. ವರ್ಷಾನುಗಟ್ಟಲೆ ಬಿಟ್ಟ ಕಾಡು ಜಾಗ ಸವರುವವರಿಗೆ, ದಿನಾ ಬಾಡಿಗೆಗೆ ಹೋಗುವವರಿಗೆ 40-50 ಸಿಸಿ ಬೇಕು. ನೀವು ಅವರಲ್ಲ.

ಬೆನ್ನಿಗೆ ಹಾಕುವುದೋ, ಪಕ್ಕಕ್ಕೆ ನೇತುಹಾಕುವುದೋ? ಇಲ್ಲಿ ಎರಡೂ ಕಡೆ ನ್ಯಾಯವಿದೆ. ಬೆನ್ನಿನ ಮೆಷಿನ್ನಿನಲ್ಲಿ ಕೈಗೆ ಭಾರ ಕಡಿಮೆ. ಎಂಜಿನ್ ಹಿಂದಕ್ಕೆ ಚಾಚಿಕೊಂಡಿರುವುದಿಲ್ಲ, ಹಾಗಾಗಿ ಕಡಿದಾದ ಧರೆಯಲ್ಲಿ ಅದು ಅನುಕೂಲ. ಆದರೆ ಒಟ್ಟು ತೂಕ ಜಾಸ್ತಿ. ಎಂಜಿನ್ನಿನ ಬಿಸಿ, ನಡುಕ ನೇರ ಬೆನ್ನಿಗೆ. ಎಂಜಿನ್ನಿನಿಂದ ಕೋಲಿಗೆ ಹೋಗುವ ಬಾಗುವ ಶಾಫ್ಟಿಗೆ ಆಗಾಗ ಗ್ರೀಸ್ ಬೇಕು, ಅದು ಹರಿಯುವುದೂ ಉಂಟು. ಎಲ್ಲಕ್ಕಿಂತ ಮುಖ್ಯ, ಜಾರಿ ಬಿದ್ದಾಗ ಬೆನ್ನಿನಿಂದ ಕಳಚುವುದು ಕಷ್ಟ. ಪಕ್ಕಕ್ಕೆ ಹಾಕುವ 35 ಸಿಸಿ ಮೆಷಿನ್ ಏಳೂವರೆ ಕೆಜಿ ಆಸುಪಾಸು ಇರುತ್ತದೆ. ಎರಡೂ ಭುಜಕ್ಕೆ ಭಾರ ಹಂಚುವ ಅಗಲ ಪಟ್ಟಿಯ ಬೆಲ್ಟ್ ಹಾಕಿದರೆ ಆ ತೂಕ ಸೊಂಟಕ್ಕೆ ಇಳಿಯುತ್ತದೆ. ಮೆಷಿನ್ ಜತೆ ಬರುವ ಒಂಟಿ ಪಟ್ಟಿಯನ್ನು ನಿಮ್ಮ ನೋವಿರುವ ಭುಜಕ್ಕೆ ಖಂಡಿತ ಹಾಕಬೇಡಿ. ಒಳ್ಳೆಯ ಬೆಲ್ಟ್ ಬೇರೆ ಕೊಳ್ಳಿ. ಬೆಲ್ಟಿನ ಉದ್ದ ಸರಿಮಾಡಿ, ಕೈ ಬಿಟ್ಟರೂ ಬ್ಲೇಡು ನೆಲದಿಂದ ಸ್ವಲ್ಪ ಮೇಲೆ ತಾನೇ ತೂಗಬೇಕು. ಹಾಗೆ ತೂಗಿದರೆ ಕೈಯ ಕೆಲಸ ಬರೀ ದಿಕ್ಕು ತೋರಿಸುವುದು.

ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್ ವಿಚಾರದಲ್ಲಿ ನನ್ನ ಆಯ್ಕೆ ನಿಮಗೆ ಫೋರ್ ಸ್ಟ್ರೋಕ್. ಟೂ ಸ್ಟ್ರೋಕ್ ಹಗುರ, ಚುರುಕು, ಬಿಚ್ಚಿ ಜೋಡಿಸಲು ಸುಲಭ. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಕೆಲವಕ್ಕೆ ಲೀಟರಿಗೆ 20 ಮಿಲಿ, ಕೆಲವಕ್ಕೆ 40 ಮಿಲಿ. ನೀವು ಊರಲ್ಲಿಲ್ಲದ ದಿನ ಯಾರೋ ಬರಿ ಪೆಟ್ರೋಲ್ ಹಾಕಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಸೀಜ್. ಹೀಗೆ ಸತ್ತ ಮೆಷಿನ್‌ಗಳನ್ನು ನಾನು ತುಂಬಾ ನೋಡಿದ್ದೇನೆ. ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಹೊಗೆ ಕಡಿಮೆ, ಸದ್ದೂ ಸ್ವಲ್ಪ ಮೆತ್ತಗೆ. ಹೋಂಡಾದ ಜಿಎಕ್ಸ್ 35 ಎಂಜಿನ್ ಈ ಗಾತ್ರದಲ್ಲಿ ಹೆಸರು ಮಾಡಿದೆ. 35.8 ಸಿಸಿ, ಯಾವ ಕೋನದಲ್ಲಿ ಓರೆ ಮಾಡಿದರೂ ಓಡುತ್ತದೆ. ಧರೆಗೆ ಇದು ಅನುಕೂಲ. ಅದರಲ್ಲಿ ಹಿಡಿಯುವುದು ಬರೀ 100 ಮಿಲಿ ಆಯಿಲ್. ಒಂದು ಲೋಟದಷ್ಟೂ ಇಲ್ಲ. ಅದಕ್ಕೇ ಪ್ರತಿ ದಿನ ಸ್ಟಾರ್ಟ್ ಮಾಡುವ ಮೊದಲು ಮಟ್ಟ ನೋಡಲೇಬೇಕು. ಮೊದಲ ಸಲ 10 ಗಂಟೆ ಓಡಿದ ಮೇಲೆ, ಆಮೇಲೆ 50 ಗಂಟೆಗೊಮ್ಮೆ ಆಯಿಲ್ ಬದಲಿಸಿ. ನಿಮ್ಮ ಲೆಕ್ಕಕ್ಕೆ ವರ್ಷಕ್ಕೊಮ್ಮೆ.

ಇಂಥ ಹೆಸರಾಂತ ಕಂಪನಿಯ 35 ಸಿಸಿ ಮೆಷಿನ್ ನಿಮ್ಮ 25 ಸಾವಿರಕ್ಕೆ ಹತ್ತಿರ ಬರುತ್ತದೆ, ಕೆಲವು ಮಾದರಿ ಸ್ವಲ್ಪ ದಾಟುತ್ತವೆ. ಇಲ್ಲಿ ಸಬ್ಸಿಡಿ ನೆನಪಿರಲಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ 50%, ಪರಿಶಿಷ್ಟ ಜಾತಿ, ಪಂಗಡದವರಿಗೆ 90% ವರೆಗೆ ಸಹಾಯಧನ ಕೊಡುತ್ತಾ ಬಂದಿದ್ದಾರೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಎಫ್‌ಐಡಿ (ರೈತರ ನೋಂದಣಿ) ನಂಬರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಈ ವರ್ಷ ಬ್ರಷ್ ಕಟರಿಗೆ ಅನುದಾನ ಇದೆಯಾ, ಯಾವ ಮಾದರಿಗಳು ಪಟ್ಟಿಯಲ್ಲಿವೆ ಅಂತ ಕೇಳಿ. ಮೊದಲೇ ಕೊಂಡು ಆಮೇಲೆ ಬಿಲ್ ಹಿಡಿದುಕೊಂಡು ಹೋಗಬೇಡಿ. ಮಂಜೂರಾದ ಮೇಲೆ ಕೊಳ್ಳಿ. ಹಾಗೇ ಅದೇ ಮಾದರಿಯ ಹೊರಗಿನ ರೇಟನ್ನೂ ಎರಡು ಅಂಗಡಿಯಲ್ಲಿ ವಿಚಾರಿಸಿ, ಸಬ್ಸಿಡಿ ಕಳೆದ ಮೇಲೆ ಕೈಯಿಂದ ಹೋಗುವ ದುಡ್ಡಿನ ಜತೆ ಹೋಲಿಸಿ. ಅನುದಾನ ಸಿಗದಿದ್ದರೆ, ನಿಮ್ಮ ಮೆಕ್ಯಾನಿಕ್ ಸ್ಪೇರ್ ಇಟ್ಟಿರುವ ಕಂಪನಿಯ ಸಣ್ಣ ಟೂ ಸ್ಟ್ರೋಕ್ ಮೆಷಿನ್ ತಗೊಳ್ಳಿ. ಆಯಿಲ್ ಬೆರೆಸುವ ಕೆಲಸ ಮನೆಯಲ್ಲಿ ಒಬ್ಬರೇ ಮಾಡಬೇಕು, ಬೆರೆಸಿದ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಬೇಕು. ಇಷ್ಟು ಕಟ್ಟುನಿಟ್ಟು ಇದ್ದರೆ ಅದೂ ವರ್ಷಗಟ್ಟಲೆ ಬಾಳುತ್ತದೆ.

ಸೆಕೆಂಡ್ ಹ್ಯಾಂಡ್ ಮೆಷಿನ್ ಸಿಕ್ಕಿದರೆ ಬೇಡ ಅನ್ನುವುದಿಲ್ಲ. ನೋಡುವಾಗ ತಣ್ಣಗಿರುವ ಎಂಜಿನ್ನನ್ನು ನೀವೇ ಎಳೆದು ಸ್ಟಾರ್ಟ್ ಮಾಡಿ. ಹಗ್ಗ ಎಳೆದಾಗ ಎದುರು ಬಿಗಿ ಸಿಗಬೇಕು. ಸಲೀಸಾಗಿ ಬಂದರೆ ಕಂಪ್ರೆಷನ್ ಹೋಗಿದೆ. ಬ್ಲೇಡನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿ, ಗಡಗಡ ಅಂದರೆ ಗೇರ್ ಬಾಕ್ಸಿನ ಬೇರಿಂಗ್ ಸವೆದಿದೆ. ಇದನ್ನು ಎಂಜಿನ್ ಆಫ್ ಮಾಡಿ, ಪ್ಲಗ್ಗಿನ ವೈರ್ ಕಿತ್ತು ನೋಡಬೇಕು. ಬಾಡಿಗೆಗೆ ಓಡಿದ ಮೆಷಿನ್ ಎಷ್ಟು ತೊಳೆದು ಹೊಳೆಯುತ್ತಿದ್ದರೂ ಬಿಟ್ಟುಬಿಡಿ.

ಇನ್ನು ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಎಂಜಿನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನೆಲಕ್ಕೆ, ಗಿಡಕ್ಕೆ ತಾಗುವುದು ಎಂಜಿನ್ ಅಲ್ಲ, ಕೋಲಿನ ತುದಿಯಲ್ಲಿರುವ ದಾರ ಅಥವಾ ಬ್ಲೇಡು. ನಿಮ್ಮ ಮೂರು ಜಾಗಕ್ಕೆ ಮೂರು ಬೇರೆ ಲೆಕ್ಕ.

ಹಳೆ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ ಇರಬಹುದು. ನಡುವಿನ ಪಟ್ಟಿಯಲ್ಲಿ ನೈಲಾನ್ ದಾರ ಅಥವಾ ಮೂರು ಹಲ್ಲಿನ ಬ್ಲೇಡು, ಯಾವುದಾದರೂ ನಡೆಯುತ್ತದೆ. ಕಲ್ಲು ಜಾಸ್ತಿ ಇದ್ದರೆ ದಾರ, ಗಟ್ಟಿ ಕಡ್ಡಿ ಜಾಸ್ತಿ ಇದ್ದರೆ ಬ್ಲೇಡು. ಆದರೆ ಮರದ ಬುಡದ ಸುತ್ತ ಎರಡಡಿ ಮೆಷಿನ್ ಹೋಗಬಾರದು. ದಯವಿಟ್ಟು ಈ ಮಾತು ನಡೆಸಿಕೊಡಿ. ಬುಡದಲ್ಲಿ ಹರಡಿರುವ ಮೆಣಸಿನ ಹಂಬು, ಮೇಲ್ಮಣ್ಣಿನ ಬೇರು ಗಾಯವಾದರೆ ಸೊರಗು ರೋಗದ ಶಿಲೀಂಧ್ರಕ್ಕೆ ಬಾಗಿಲು ತೆರೆದ ಹಾಗೆ. ಮಳೆಗಾಲದಲ್ಲಿ ಅದು ಮಣ್ಣಿನ ನೀರಿನಲ್ಲೇ ಓಡಾಡಿಕೊಂಡಿರುತ್ತದೆ. ಅಕ್ಟೋಬರ್‌ನಲ್ಲಿ ಬಳ್ಳಿ ಬಾಡಿದಾಗ ಯಾರಿಗೂ ಜುಲೈನ ದಾರದೇಟು ನೆನಪಾಗುವುದಿಲ್ಲ. ಬುಡದ ಸುತ್ತ ಕತ್ತಿಯಲ್ಲಿ ಸವರಿ, ಇಲ್ಲವೇ ಕೈಯಲ್ಲಿ ಕೀಳಿ. ಹೊಡೆದ ಕಳೆಯನ್ನು ತಂದು ಅಲ್ಲಿ ಮುಚ್ಚಿಗೆ ಮಾಡಿದರೆ ಮುಂದಿನ ಸಲ ಅಲ್ಲಿ ಕಳೆಯೂ ಕಡಿಮೆ. ಮುಚ್ಚಿಗೆ ಮೆಣಸಿನ ಬಳ್ಳಿಗೆ ತಾಗಿಕೊಂಡಿರದಂತೆ ಒಂದು ಗೇಣು ಬಿಡಿ.

ಹೊಸ ಸಸಿಗಳಿರುವ ಅರ್ಧ ಎಕರೆಗೆ ನೈಲಾನ್ ದಾರ ಬೇಡವೇ ಬೇಡ. ದಾರ ಅಂದರೆ ಮೆತ್ತಗೆ, ಏನೂ ಆಗುವುದಿಲ್ಲ ಅಂತ ಒಂದು ನಂಬಿಕೆ ಇದೆ. ಎರಡು ವರ್ಷದ ಸಸಿಯ ಬುಡಕ್ಕೆ ಆ ದಾರ ಎರಡು ಸೆಕೆಂಡ್ ತಾಗಿದರೆ ಸಿಪ್ಪೆಯ ಜತೆ ಒಳಗಿನ ಎಳೆ ಭಾಗವೂ ಹೋಗುತ್ತದೆ. ಅಡಿಕೆಗೆ ಆ ಗಾಯ ಮುಚ್ಚಿಕೊಳ್ಳುವ ಶಕ್ತಿ ಮಾವು, ಹಲಸಿನ ಹಾಗೆ ಇಲ್ಲ. ನನ್ನ ತೋಟದಲ್ಲೇ ಒಂದು ವರ್ಷ ಬಾಡಿಗೆ ಮೆಷಿನ್ನಿನವರು ಹೋದ ಮೇಲೆ ಹನ್ನೊಂದು ಸಸಿ ಸುಳಿ ಒಣಗಿ ಹೋದವು. ಮಣ್ಣು ಸರಿಸಿ ನೋಡಿದರೆ ಹನ್ನೊಂದರ ಬುಡದಲ್ಲೂ ಬಳೆ ತೊಡಿಸಿದ ಹಾಗೆ ಗಾಯ. ನಾಲ್ಕು ವರ್ಷ ಆರೈಕೆ ಮಾಡಿದ ಗಿಡಗಳು. ಆ ಬೇಸರ ನನಗೆ ಇಂದಿಗೂ ಇದೆ. ಸಸಿಗಳ ನಡುವಿನ ಸಾಲಿನಲ್ಲಿ ಮಾತ್ರ ಬ್ಲೇಡು ಹಾಕಿ ಹೊಡೆಯಿರಿ. ಪ್ರತಿ ಸಸಿಯ ಪಕ್ಕ ನಾಲ್ಕಡಿಯ ಗೂಟ ನೆಟ್ಟು ತುದಿಗೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ. ಕಳೆ ಎತ್ತರವಾದಾಗ ಸಸಿ ಕಾಣುವುದಿಲ್ಲ, ಪಟ್ಟಿ ಕಾಣುತ್ತದೆ. ಹನಿ ನೀರಾವರಿ ಪೈಪು ಇದ್ದರೆ ಮೊದಲೇ ಎತ್ತಿ ಗೂಟಕ್ಕೆ ಸಿಕ್ಕಿಸಿ.

ಬ್ಯಾಣದ ಹುಲ್ಲು ದನಕ್ಕೆ ಹೋಗುತ್ತದೆ. ಅಲ್ಲಿಯೂ ದಾರ ಬೇಡ. ದಾರ ಹುಲ್ಲನ್ನು ಚಿಂದಿ ಮಾಡುತ್ತದೆ, ಸವೆದ ನೈಲಾನ್ ಚೂರುಗಳು ಹುಲ್ಲಿನಲ್ಲೇ ಉಳಿಯುತ್ತವೆ. ಅದು ದನದ ಹೊಟ್ಟೆಗೆ ಹೋಗಬಾರದು. ಕರಡ ಕೊಯ್ಯಲು 40 ಅಥವಾ 80 ಹಲ್ಲಿನ ದುಂಡು ಬ್ಲೇಡು ಹಾಕಿ. ಹುಲ್ಲು ಬುಡಕ್ಕೆ ನೀಟಾಗಿ ತುಂಡಾಗಿ ಒಂದೇ ಕಡೆ ಮಲಗುತ್ತದೆ, ಕಂತೆ ಕಟ್ಟಲು ಸುಲಭ. ಹೆಬ್ಬೆರಳು ಗಾತ್ರದ ಲಂಟಾನವೂ ಅದಕ್ಕೆ ಬಗ್ಗುತ್ತದೆ. ಬಲದಿಂದ ಎಡಕ್ಕೆ ಬೀಸಿ. ಬ್ಲೇಡು ಎಡಗಡೆಗೆ ಸುತ್ತುವುದರಿಂದ ಹುಲ್ಲು ನಿಮ್ಮ ಎಡಕ್ಕೆ ಬೀಳುತ್ತದೆ. ಇಳಿಜಾರಿನಲ್ಲಿ ಕೆಳಗಿನ ಅಂಚಿನಿಂದ ಶುರು ಮಾಡಿ, ತಗ್ಗು ಎಡಕ್ಕೆ ಇರುವಂತೆ ಅಡ್ಡಡ್ಡ ನಡೆಯಿರಿ. ಕೊಯ್ದ ಹುಲ್ಲು ಕೊಯ್ದು ಮುಗಿದ ಜಾಗಕ್ಕೇ ಜಾರುತ್ತದೆ. ಮೇಲಕ್ಕೆ ಕೆಳಕ್ಕೆ ನಡೆದರೆ ಕಾಲು ಜಾರುವುದು ಖಚಿತ.

ಒಂದು ವಸ್ತು ಎಷ್ಟೇ ಹೇಳಿದರೂ ಕೊಳ್ಳಬೇಡಿ. ಸರಪಳಿ ತುಂಡು ಜೋಡಿಸಿದ ಕಟರ್ ತಲೆ. ‘ಮುಳ್ಳು ಪೊದೆಗೆ ಸೂಪರ್’ ಅಂತ ಮಾರುತ್ತಾರೆ. ಕೊಂಡಿ ಕಳಚಿದರೆ ಗುಂಡಿನ ಹಾಗೆ ಹಾರುತ್ತದೆ. ಯುರೋಪಿಯನ್ ಒಕ್ಕೂಟ ಇಂಥವನ್ನು 2012ರಲ್ಲೇ ನಿಷೇಧಿಸಿದೆ.

ದಾರ ಬಳಸುವ ಕಡೆ ಒಂದು ಸಣ್ಣ ಉಪಾಯ. ಹಿಂದಿನ ರಾತ್ರಿ ದಾರವನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿ ಮೆತ್ತಗಾಗುತ್ತದೆ, ಪಟಪಟ ತುಂಡಾಗುವುದು ಕಡಿಮೆಯಾಗುತ್ತದೆ.

ಎಷ್ಟು ಗಿಡ್ಡ ಹೊಡೆಯಬೇಕು? ನೆಲ ಕಾಣುವ ಹಾಗೆ ಕೆರೆದರೆ ಚೊಕ್ಕವಾಗಿ ಕಾಣುತ್ತದೆ, ಅಲ್ವಾ? ಆದರೆ ಮೂರು ನಾಲ್ಕು ಇಂಚು ಬಿಡಿ. ಮಣ್ಣಿನ ಮೇಲೆ ಮಳೆಹನಿ ನೇರ ಬೀಳುವುದಿಲ್ಲ, ಬ್ಲೇಡೂ ಕಲ್ಲಿಗೆ ತಾಗುವುದಿಲ್ಲ. ಕಳೆನಾಶಕದ ಆಸೆಗೆ ಬೀಳಬೇಡಿ. ಗ್ಲೈಫೋಸೇಟ್ ಹೊಡೆಯುವುದನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಪರವಾನಗಿ ಇರುವ ಕೀಟ ನಿಯಂತ್ರಣದವರಿಗೆ ಮಾತ್ರ ಸೀಮಿತ ಮಾಡಿದೆ. ಮೆಣಸು, ದನ ಎರಡೂ ಇರುವ ಮನೆಗೆ ಅದು ಹೇಗೂ ಬೇಡ.

ನಿಮ್ಮ ಬಜೆಟ್ಟಿನಲ್ಲಿ ಮೂರು ಸಾವಿರ ಎತ್ತಿಟ್ಟು ಮೈಗೆ ಬೇಕಾದದ್ದು ಕೊಳ್ಳಿ. ಮೊಣಕಾಲು ಹತ್ತಿರ ಬರುವ ಗಟ್ಟಿ ಗಮ್ ಬೂಟು, ಮುಖಕ್ಕೆ ಜಾಲರಿ ಅಥವಾ ಪಾರದರ್ಶಕ ಶೀಲ್ಡ್, ಅದರ ಒಳಗೆ ಕನ್ನಡಕ, ಕಿವಿಗೆ ಮಫ್, ಕೈಗವಸು. ಕಿವಿ ಮುಚ್ಚಿದರೆ ಯಾರಾದರೂ ಕರೆದದ್ದು ಕೇಳಿಸುವುದಿಲ್ಲ ಅಂತ ಹಲವರು ಬಿಡುತ್ತಾರೆ. ಮನೆಯವರಿಗೆ ಮೊದಲೇ ಹೇಳಿಡಿ. ಕರೆಯಬೇಕಾದರೆ ಹಿಂದಿನಿಂದ ಬಂದು ಮುಟ್ಟಬಾರದು, ಎದುರಿಗೆ ದೂರದಲ್ಲಿ ನಿಂತು ಕೈ ಬೀಸಬೇಕು. 15 ಮೀಟರ್ ಒಳಗೆ ಯಾರೂ ಇರಕೂಡದು, ನಾಯಿಯೂ ಸೇರಿ. ಬ್ಲೇಡನ್ನು ಮೇಲಿನಿಂದ ಗಡಿಯಾರ ಅಂದುಕೊಳ್ಳಿ. 12ರಿಂದ 3ರ ನಡುವಿನ ಭಾಗ ಗಟ್ಟಿ ಕಡ್ಡಿಗೋ ಕಲ್ಲಿಗೋ ತಾಗಿದರೆ ಮೆಷಿನ್ ಜಾಡಿಸಿ ಒದೆಯುತ್ತದೆ. ಕೊಯ್ಯುವುದು ಯಾವತ್ತೂ ಎಡಭಾಗದಿಂದ, 8ರಿಂದ 11ರ ನಡುವೆ. ಕಾವಲಿನ ಪ್ಲಾಸ್ಟಿಕ್ ಗಾರ್ಡ್ ಅಡ್ಡ ಬರುತ್ತದೆ ಅಂತ ಬಿಚ್ಚಿಟ್ಟು ಹೊಡೆಯುವವರನ್ನು ದಿನಾ ನೋಡುತ್ತೇವೆ. ನೀವು ಬಿಚ್ಚಬೇಡಿ.

ಹೊಡೆಯುವ ಮೊದಲು ಒಂದು ಸುತ್ತು ಕೋಲು ಹಿಡಿದು ತೋಟ ನಡೆಯಿರಿ. ಸೋಗೆ, ಹಾಳೆ ಎತ್ತಿ ಬದಿಗೆ ಹಾಕಿ. ಬೇಲಿಯ ತಂತಿ ತುಂಡು ಬಿದ್ದಿದ್ದರೆ ಹೆಕ್ಕಿ, ಅದು ಬ್ಲೇಡಿಗೆ ಸುತ್ತಿಕೊಂಡರೆ ಬಹಳ ಅಪಾಯ. ಹೀಗೆ ನಡೆದರೆ ಹಾವು, ಮೊಲಗಳೂ ಸರಿದು ಹೋಗುತ್ತವೆ. ಮಂಡಲದ ಹಾವು ಮಾತ್ರ ಸುಲಭಕ್ಕೆ ಜಾಗ ಬಿಡುವುದಿಲ್ಲ, ಬೂಟು ಅದಕ್ಕೇ.

ಆರೈಕೆ ಹೆಚ್ಚೇನಿಲ್ಲ. ದಿನದ ಕೆಲಸ ಮುಗಿದ ಮೇಲೆ ಏರ್ ಫಿಲ್ಟರಿನ ಸ್ಪಂಜ್ ಬಿಚ್ಚಿ ನೋಡಿ, ಕೊಳೆಯಾಗಿದ್ದರೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. 25 ಗಂಟೆಗೊಮ್ಮೆ ಕೆಳಗಿನ ಗೇರ್ ಬಾಕ್ಸಿನ ತಿರುಪು ತೆಗೆದು ಗ್ರೀಸ್ ತುಂಬಿ. ಬ್ಲೇಡಿನ ನಟ್ಟು ಎಡಗಟ್ಟು. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದೆ ಉಲ್ಟಾ ಬಿಗಿದು ಮುರಿದವರು ಬಹಳ ಜನ.

ಪೆಟ್ರೋಲ್ ಬಗ್ಗೆ ಈಗ ಮೊದಲಿಗಿಂತ ಹುಷಾರಾಗಿರಬೇಕು. 2025ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ 20% ಎಥನಾಲ್ ಬಂದಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಿಮ್ಮಲ್ಲಿನ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಕಡಿಮೆ? ಕೊಳ್ಳುವಾಗಲೇ ಆ ಎಂಜಿನ್ನಿಗೆ ಎಷ್ಟು ಎಥನಾಲ್ ನಡೆಯುತ್ತದೆ ಅಂತ ಕೈಪಿಡಿ ತೆರೆಸಿ ನೋಡಿ. ಒಂದು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಒಣ ಜಾಗದಲ್ಲಿ ನೇತುಹಾಕಿ. ಜೂನ್‌ನಲ್ಲಿ ‘ಸ್ಟಾರ್ಟೇ ಆಗ್ತಿಲ್ಲ’ ಅಂತ ಬರುವ ಮೆಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಹಳೆ ಪೆಟ್ರೋಲ್ ಕಾರ್ಬುರೇಟರಿನಲ್ಲಿ ಅಂಟಾಗಿರುವುದೇ ಕಾರಣ.

ಅಕ್ಕಪಕ್ಕದವರು ಸೇರಿ ಒಂದು ಮೆಷಿನ್ ಕೊಳ್ಳೋಣ ಅಂದರೆ ಒಪ್ಪಬೇಡಿ. ಮುಯ್ಯಾಳು ನಮ್ಮ ಕಡೆಯ ಒಳ್ಳೆಯ ಪದ್ಧತಿ. ನೀವು ಅವರ ತೋಟಕ್ಕೆ ಹೋಗಿ, ಅವರು ನಿಮ್ಮಲ್ಲಿಗೆ ಬರಲಿ, ಒಟ್ಟಿಗೆ ಮಾಡಿದರೆ ಭುಜಕ್ಕೂ ಬಿಡುವು ಸಿಗುತ್ತದೆ. ಆದರೆ ಅವರವರ ಮೆಷಿನ್ ಅವರವರ ಕೈಯಲ್ಲಿರಲಿ. ನಾಲ್ಕು ಮನೆಯ ಮೆಷಿನ್ನಿಗೆ ಗ್ರೀಸ್ ಹಾಕುವವರು ಯಾರೂ ಇರುವುದಿಲ್ಲ.

ನಿಮ್ಮ ಭುಜದ ವಿಚಾರಕ್ಕೆ ಮತ್ತೆ ಬರುತ್ತೇನೆ. ಅಂಗಡಿಯಲ್ಲಿ ಮೆಷಿನ್ ಎತ್ತಿ ನೋಡಿ ‘ಹಗುರ ಇದೆ’ ಅಂದರೆ ಸಾಲದು. ಬೆಲ್ಟ್ ಹಾಕಿಕೊಂಡು, ಟ್ಯಾಂಕ್ ತುಂಬಿಸಿ, ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹಿಂದಿನ ಖಾಲಿ ಜಾಗದಲ್ಲಿ ಬೀಸಲು ಬಿಡಿ ಅಂತ ಕೇಳಿ. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಕೆಲಸ ನಿಲ್ಲಿಸಿದ ಮೇಲೂ ಬೆರಳು ಜುಮ್ ಅನ್ನುತ್ತಿದ್ದರೆ ಆ ಮೆಷಿನ್ನಿನ ಕಂಪನ ನಿಮಗೆ ಜಾಸ್ತಿ. ತೋಟದಲ್ಲಿಯೂ ಒಂದು ಟ್ಯಾಂಕ್ ಮುಗಿದ ಕೂಡಲೇ ಕಾಲು ಗಂಟೆ ಕೂರಿ. ಮಧ್ಯಾಹ್ನದ ಮೇಲೆ ಹಿಡಿಯಬೇಡಿ. ಎರಡು ಎಕರೆಗೆ ಹತ್ತು ದಿನ ಆದರೂ ಆಗಲಿ.

ಏಪ್ರಿಲ್‌ನಲ್ಲೇ ಕೊಳ್ಳಿ, ಮಳೆ ಶುರುವಾದ ಮೇಲೆ ಅಂಗಡಿಯವರಿಗೂ ಮೆಕ್ಯಾನಿಕ್‌ಗೂ ಪುರುಸೊತ್ತಿರುವುದಿಲ್ಲ. ಮೊದಲ ದಿನ ತೋಟಕ್ಕೆ ಇಳಿಯಬೇಡಿ. ಬ್ಯಾಣದ ಮೇಲಿನ ಸಮತಟ್ಟು ತುದಿಯಲ್ಲಿ, ಗಿಡಗಳಿಲ್ಲದ ಕಡೆ ಒಂದೇ ಒಂದು ಟ್ಯಾಂಕ್ ಓಡಿಸಿ. ಆಮೇಲೆ ಎಲ್ಲ ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿ, ಆಯಿಲ್ ಮಟ್ಟ ನೋಡಿ. ಮಾರನೇ ದಿನ ಬೆಳಿಗ್ಗೆ ಭುಜ ಹೇಗಿದೆ ಅಂತ ನೋಡಿಕೊಂಡು ಬೆಲ್ಟಿನ ಉದ್ದ ಒಂದು ತೂತು ಹೆಚ್ಚು ಕಡಿಮೆ ಮಾಡಿ, ಆಮೇಲೆ ಹಳೆ ತೋಟಕ್ಕೆ ಇಳಿಯಿರಿ. ಸಸಿಗಳ ಸರದಿ ಕೈ ಪೂರ್ತಿ ಪಳಗಿದ ಮೇಲೆ.